ಎಡಗಡೆ ಸ್ಟಿಯರಿಂಗ್

ಮೈಸೂರಿನ ಮೇಟಗಳ್ಳಿಯ ಗ್ಯಾರೇಜಿನ ಮುಂದೆ ಪೊಲೀಸ್ ಬೈಕು ನಿಂತದ್ದೇ ತಡ, ಅಮರೇಶ್ ತನ್ನ ಹಳೆಯ ಜೀಪಿನ ಮೇಲೆ ಟಾರ್ಪಾಲು ಎಳೆದ. ಎಳೆದದ್ದು ಅವಸರದಲ್ಲಿ. ಜೀಪಿನ ಮೂತಿ ಮುಚ್ಚಿತು, ಹಿಂಭಾಗ ಹಾಗೇ ಉಳಿಯಿತು.

ಸಬ್ ಇನ್‌ಸ್ಪೆಕ್ಟರ್ ಭವ್ಯಶ್ರೀ ಹೆಲ್ಮೆಟ್ ತೆಗೆದು, ಮುಚ್ಚಿದ ಅರ್ಧವನ್ನೂ ಮುಚ್ಚದ ಅರ್ಧವನ್ನೂ ನೋಡಿದಳು.

"ಇದೇನಾ ಎಡಗಡೆ ಸ್ಟಿಯರಿಂಗ್ ಜೀಪು?"

"ಪೇಪರೆಲ್ಲ ಐತೆ ಮೇಡಮ್," ಅವನು ಒಂದೇ ಉಸಿರಿನಲ್ಲಿ ಹೇಳಿದ. "ಎಡಗಡೆ ಸ್ಟಿಯರಿಂಗ್ ಇದ್ರೆ ಸಿಗ್ನಲ್ ಲೈಟ್ ಇರ್ಬೇಕು ಅಂತ ಕಾನೂನು. ಹಾಕ್ಸಿದೀನಿ. ನಮ್ಮಪ್ಪ ಮಿಲಿಟರಿ ಹರಾಜಲ್ಲಿ ತಗೊಂಡಿದ್ದು, ಕದ್ದಿದ್ದಲ್ಲ."

"ಕದ್ದಿದ್ದು ಅಂತ ಯಾರಂದ್ರು?"

"ಮತ್ತೆ ಯಾಕ್ ಬಂದ್ರಿ?"

"ಓಡಿಸೋದು ಕಲಿಯೋಕೆ."

ಅವನು ಅವಳ ಬೈಕನ್ನು ನೋಡಿದ, ಭುಜದ ನಕ್ಷತ್ರಗಳನ್ನು ನೋಡಿದ, ಕೊನೆಗೆ ಮುಖ ನೋಡಿದ. "ಡ್ರೈವಿಂಗ್ ಬರಲ್ವಾ ನಿಮಗೆ?"

"ಬರುತ್ತೆ ಕಣ್ರೀ. ಎಷ್ಟೋ ವರ್ಷದಿಂದ ಸ್ಟೇಷನ್ ಜೀಪು ಓಡಿಸ್ತಿದೀನಿ. ಈಗ ರಸ್ತೆಯ ಆ ಕಡೆ ಓಡಿಸಬೇಕು."

ಹಾಗೆನ್ನುವಾಗ ಅವಳು ಬೆರಳು ತೋರಿಸಿದ್ದು ಕೆಆರ್‌ಎಸ್ ರಸ್ತೆಯ ಬಲಬದಿಯನ್ನು. ಅಲ್ಲಿ ಎದುರಿನಿಂದ ಲಾರಿಯೊಂದು ಬರುತ್ತಿತ್ತು. ಅಮರೇಶ್ ಲಾರಿಯನ್ನು ನೋಡಿ, ಅವಳನ್ನು ನೋಡಿ, ನಿಧಾನವಾಗಿ ಟಾರ್ಪಾಲು ಸರಿಸಿದ.

ವಿಶ್ವಸಂಸ್ಥೆಯ ಶಾಂತಿಪಾಲನಾ ಕೆಲಸಕ್ಕೆ ಸೈನಿಕರಷ್ಟೇ ಹೋಗುವುದಿಲ್ಲ, ಪೊಲೀಸರೂ ಹೋಗುತ್ತಾರೆ. ಇಂಗ್ಲಿಷ್, ಗುಂಡಿನ ಗುರಿ, ಡ್ರೈವಿಂಗ್ ಎಂದು ದೆಹಲಿಯಲ್ಲಿ ಪರೀಕ್ಷೆ ನಡೆಯುತ್ತದೆ. ಭವ್ಯಶ್ರೀ ಹೋಗಬೇಕೆಂದುಕೊಂಡಿದ್ದ ದಕ್ಷಿಣ ಸುಡಾನಿನಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ಅಲ್ಲಿ ಇಳಿದ ಮೇಲೂ ಮತ್ತೊಂದು ಡ್ರೈವಿಂಗ್ ಟೆಸ್ಟ್ ಇದೆ. ಅದರಲ್ಲಿ ಬಿದ್ದವರನ್ನು ಊರಿಗೆ ವಾಪಸ್ ಕಳಿಸುವುದೂ ಉಂಟು. ಮೈಸೂರಿನಲ್ಲಿ ಅವಳು ವಿಚಾರಿಸಿದ ಮಟ್ಟಿಗೆ, ಓಡುವ ಸ್ಥಿತಿಯಲ್ಲಿದ್ದ ಎಡಗಡೆ ಸ್ಟಿಯರಿಂಗ್ ಗಾಡಿ ಇದೊಂದೇ.

ಗ್ಯಾರೇಜಿನ ಹಿಂದೆ ಮುಚ್ಚಿಹೋದ ಕಾರ್ಖಾನೆಯೊಂದರ ಅಂಗಳವಿತ್ತು. ಅಮರೇಶ್ ಅಲ್ಲಿ ಸುಣ್ಣದ ಪುಡಿಯಿಂದ ರಸ್ತೆ ಎಳೆದ, ಕ್ರಾಸು ಎಳೆದ, ನಡುವೆ ಹಳೆಯ ಟೈರುಗಳನ್ನು ಪೇರಿಸಿ ಒಂದು ಸರ್ಕಲ್ ಮಾಡಿದ.

"ಇದು ಹಾರ್ಡಿಂಜ್ ಸರ್ಕಲ್ ಅನ್ಕೊಳ್ಳಿ. ಉಲ್ಟಾ ಸುತ್ತಬೇಕು."

"ಹಾರ್ಡಿಂಜ್ ಸರ್ಕಲ್ ಉಲ್ಟಾ ಸುತ್ತಿದ್ರೆ ನಾನೇ ಕೇಸ್ ಹಾಕ್ಬೇಕು."

"ಹಾಕ್ಕೊಳ್ಳಿ. ಸಾಕ್ಷಿಗೆ ನಾನ್ ಬರ್ತೀನಿ."

ಬೆಳಗಿನ ಡ್ಯೂಟಿಗೆ ಮುಂಚೆ ಅವಳು ಬರುತ್ತಿದ್ದಳು. ಮೊದಲ ವಾರ ಅವಳ ಎಡಗೈ ಗೇರ್ ಹುಡುಕಿಕೊಂಡು ಹೋಗಿ, ಬಾಗಿಲಿಲ್ಲದ ಜೀಪಿನ ಹೊರಗೆ ಗಾಳಿಯನ್ನು ಹಿಡಿಯುತ್ತಿತ್ತು. ಗೇರ್ ಇದ್ದದ್ದು ಬಲಗೈ ಕಡೆ. ಬಲಗೈ ಕಡೆ ಅಮರೇಶನ ಮೊಣಕಾಲೂ ಇತ್ತು.

ಎರಡನೇ ಗೇರಿಗೆ ಎಳೆದಾಗಲೆಲ್ಲ ಅವನು ಮೊಣಕಾಲು ಆಚೆ ಸರಿಸುತ್ತಿದ್ದ. ಅದನ್ನು ಅವಳು ಗಮನಿಸಿದಳು. ಒಂದು ದಿನ ಅವನು ಸರಿಸುವುದನ್ನು ಮರೆತ. ಅದನ್ನೂ ಗಮನಿಸಿದಳು. ಗೇರ್ ಬದಲಿಸಬೇಕಾದ ಕಡೆ ಬದಲಿಸದೆ, ಎಂಜಿನ್ ಗೊರಗೊರ ಎನ್ನುವವರೆಗೆ ಎರಡನೆಯದರಲ್ಲೇ ಓಡಿಸಿದಳು.

"ಗಾಡಿ ಅಳ್ತಾ ಐತೆ ಮೇಡಮ್," ಅಮರೇಶ್ ಎದುರಿನ ಗೋಡೆಯನ್ನು ನೋಡುತ್ತ ಹೇಳಿದ. ಅವನ ಕಿವಿಯ ತುದಿ ಕೆಂಪಗಾಗಿತ್ತು.

"ಅಳಲಿ ಬಿಡಿ. ಗಟ್ಟಿ ಗಾಡಿ ಅಂದ್ರಲ್ಲ."

ಅವನು ಡಿಪ್ಲೊಮಾ ಓದಿದವನು. ಹಳೆಯ ವಾಹನ ರಿಪೇರಿಗೆ ಯೋಗ ಕಲಿಯಲು ಗೋಕುಲಂಗೆ ಬಂದ ವಿದೇಶಿಯರೂ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಮಾತು ಕಡಿಮೆ. ಆದರೆ ಪಾಠದ ವಿಷಯದಲ್ಲಿ ದಯೆ ಇರಲಿಲ್ಲ. ನಮ್ಮ ಕಡೆ ಕ್ರಾಸಿನಲ್ಲಿ ಮೊದಲು ಬಲಕ್ಕೆ ನೋಡುತ್ತೇವೆ, ಹತ್ತಿರದ ವಾಹನ ಬರುವುದು ಅತ್ತಲಿಂದ. ಅಲ್ಲಿ ಹತ್ತಿರದ ವಾಹನ ಎಡದಿಂದ ಬರುತ್ತದೆ. ಭವ್ಯಶ್ರೀಯ ಕತ್ತು ಅಭ್ಯಾಸದಿಂದ ಬಲಕ್ಕೇ ತಿರುಗುತ್ತಿತ್ತು. ತಿರುಗಿದಾಗಲೆಲ್ಲ ಅವನು ಕೂಗುತ್ತಿದ್ದ: "ಎಡಕ್ಕೆ ಮೊದ್ಲು! ಎಡಕ್ಕೆ!"

ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಕೇಳಿದ, "ಅಲ್ಲಿ ಗನ್ ಕೊಡ್ತಾರಾ ನಿಮಗೆ?"

"ಸೈನಿಕರಿಗೆ ಇರುತ್ತೆ. ನಮ್ಮಂಥ ಪೊಲೀಸರಿಗೆ ಇಲ್ಲ."

"ಲಾಠಿ?"

"ಅದೂ ಇಲ್ಲ."

"ಮತ್ತೆ ಏನ್ ಕೊಡ್ತಾರೆ?"

"ವಾಕಿಟಾಕಿ. ನೀಲಿ ಟೋಪಿ."

ಅವನು ನಕ್ಕ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ.

"ನಾನು ಓದ್ದೆ," ಎಂದು ಫೋನ್ ತೆಗೆದ. "ಮಲಕಾಲ್ ಅಂತ ಊರು. 2016ರಲ್ಲಿ ನಿರಾಶ್ರಿತರ ಶಿಬಿರದೊಳಗೇ ಬಂದೂಕಿನೋರು ನುಗ್ಗಿ ಗುಡಿಸಲು ಸುಟ್ಟಿದಾರೆ. ಶಾಂತಿಪಡೆ ಅಲ್ಲೇ ಇತ್ತಂತೆ. ಎದ್ದಿದ್ದು ತಡವಾಗಿ. ವಿಶ್ವಸಂಸ್ಥೆಯ ತನಿಖೇಲೇ ಬಂದೈತೆ. ನಿಂತು ನೋಡೋಕೆ ಅಷ್ಟು ದೂರ ಹೋಗ್ಬೇಕಾ?"

ಭವ್ಯಶ್ರೀ ಗ್ಲಾಸು ಕೆಳಗಿಟ್ಟಳು. "ನಿಜ. ಅದು ಆಗಿದೆ. ಸುಳ್ಳು ಅಂತ ನಾನು ಹೇಳಲ್ಲ. ಅದೇ ದೇಶದಲ್ಲಿ 2013ರಲ್ಲಿ ಯುದ್ಧ ಶುರುವಾದಾಗ ಶಾಂತಿಪಡೆಯವರು ಗೇಟು ತೆಗೆದು ಸಾವಿರಾರು ಜನರನ್ನ ಒಳಗೆ ಬಿಟ್ಕೊಂಡ್ರು. ಅದನ್ನೂ ಓದಿದ್ರಾ?"

"ಇಲ್ಲ."

"ಓದಿ. ಕೆಲವರು ನಿಂತು ನೋಡಿದ್ರು ಅಂತ ನಾನು ಹೋಗಬಾರದು ಅಂದ್ರೆ, ನೋಡೋರೇ ಅಲ್ಲಿ ಉಳೀತಾರೆ."

ಅಮರೇಶ್ ಅವಳನ್ನೇ ನೋಡಿದ. ಆ ನೋಟದಲ್ಲಿ ಒಪ್ಪಿಗೆ ಇರಲಿಲ್ಲ. ಬೇರೇನೋ ಇತ್ತು. ಅವಳಿಗೆ ಅಂದು ದಿನವಿಡೀ ಸ್ಟೇಷನ್ನಿನಲ್ಲಿ ಆ ನೋಟದ ನೆನಪಾಗುತ್ತಿತ್ತು. ದೂರು ಕೊಡಲು ಬಂದ ಹೆಂಗಸೊಬ್ಬಳು "ಯಾಕ್ ಮೇಡಮ್ ನಗ್ತಿದೀರಾ? ನನ್ ಗಂಡ ಸರ ಕಿತ್ಕೊಂಡವ್ನೆ!" ಎಂದು ಗದರಿದಳು.

ಯುಗಾದಿ ಕಳೆಯಿತು. ಅಮರೇಶನ ಕೂಗು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ತನ್ನ ಕತ್ತು ಕೊನೆಗೂ ಹದಕ್ಕೆ ಬಂತೆಂದು ಭವ್ಯಶ್ರೀ ನಂಬಿದಳು. ಬೈಯುವ ಮೇಷ್ಟ್ರು ಬೈಯದಿದ್ದರೆ ಉತ್ತರ ಸರಿ ಇದೆ ಎಂದೇ ಅರ್ಥ.

ಈಗ ಸರ್ಕಲ್ ಸುತ್ತುವಾಗ ಇಬ್ಬರಿಗೂ ಮಾತಾಡಲು ಪುರುಸೊತ್ತು ಸಿಗುತ್ತಿತ್ತು. ಅವನು ಅಪ್ಪ ಪ್ರಭುಸ್ವಾಮಿಯ ಬಗ್ಗೆ ಹೇಳಿದ. ಅವಳು ಅಮ್ಮ ಶಿವನಂಜಮ್ಮನ ಬಗ್ಗೆ, ಗಂಡ ತೀರಿಕೊಂಡ ಮೇಲೆ ಆಕೆ ಗಾರ್ಮೆಂಟ್ಸ್‌ನಲ್ಲಿ ಹೊಲಿದು ತನ್ನನ್ನು ಓದಿಸಿದ್ದರ ಬಗ್ಗೆ ಹೇಳಿದಳು. ಗಾಳಿಗೆ ಅವಳ ಕೂದಲ ಎಳೆಯೊಂದು ಕಣ್ಣಿಗೆ ಬಿದ್ದರೆ ಅವನ ಕೈ ಏಳುತ್ತಿತ್ತು, ಅರ್ಧದಲ್ಲಿ ನೆನಪಾಗಿ, ಸುಮ್ಮನೆ ಕನ್ನಡಿ ಸರಿಮಾಡಿ ಕೆಳಗಿಳಿಯುತ್ತಿತ್ತು. ಆ ತಿಂಗಳು ಕನ್ನಡಿಯನ್ನು ಎಷ್ಟು ಸಲ ಸರಿಮಾಡಿದನೆಂದರೆ ಅದರ ಸ್ಕ್ರೂ ಸಡಿಲವಾಯಿತು.

ಪರೀಕ್ಷೆ ಹತ್ತಿರ ಬಂದಾಗ ಇನ್‌ಸ್ಪೆಕ್ಟರ್ ಕುಸುಮ ಅಂಗಳಕ್ಕೆ ಬಂದಳು. ಭವ್ಯಶ್ರೀಗಿಂತ ಸೀನಿಯರ್. ದಕ್ಷಿಣ ಸುಡಾನಿನಲ್ಲಿ ಒಂದು ವರ್ಷ ಇದ್ದು ಬಂದವಳು. ಹಿಂದಿನ ಸೀಟಿನಲ್ಲಿ ಕೂತು, "ನಡಿ, ನೋಡೋಣ," ಎಂದಳು.

ಭವ್ಯಶ್ರೀ ಉತ್ಸಾಹದಿಂದ ಓಡಿಸಿದಳು. ಕ್ರಾಸು ದಾಟಿ, ಸರ್ಕಲ್ ಸುತ್ತಿ, ಹಿಂದಕ್ಕೆ ತೆಗೆದು, ಗೆರೆಯ ಮೇಲೆ ನಿಲ್ಲಿಸಿದಳು.

ಕುಸುಮ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದಳು. "ಸತ್ತೆ ನೀನು."

"ಏನಕ್ಕ?"

"ಎರಡು ಸಲ ಸತ್ತೆ. ಕ್ರಾಸಲ್ಲೊಂದ್ಸಲ, ಸರ್ಕಲಲ್ಲೊಂದ್ಸಲ. ಬಲಕ್ಕೆ ನೋಡ್ಕೊಂಡು ನುಗ್ತೀಯಲ್ಲೇ! ಎಡದಿಂದ ಬಂದ ಲಾರಿ ನಿನ್ನ ಸೀಟಿಗೇ ಗುದ್ದುತ್ತೆ. ಯಾರು ಕಲ್ಸಿದ್ದು ನಿಂಗೆ?"

ಭವ್ಯಶ್ರೀ ಪಕ್ಕಕ್ಕೆ ತಿರುಗಿದಳು. ಅಮರೇಶ್ ತನ್ನ ಕಾಲಬುಡ ನೋಡುತ್ತಿದ್ದ.

ಅಷ್ಟರಲ್ಲೇ ಅವಳಿಗೆ ಅರ್ಥವಾಯಿತು. ಆದರೂ ಕುಸುಮಳ ಎದುರು ಕೇಳಲಿಲ್ಲ. ಹೊರಡುವ ಮುಂಚೆ ಕುಸುಮ ಅಲ್ಲಿನ ಕೆಲಸ ಹೇಳಿದಳು. ಶಿಬಿರದ ಹೆಂಗಸರು ಸೌದೆಗೆ ಪೊದೆಗಾಡಿನ ಕಡೆ ಹೋಗುತ್ತಾರೆ. ದಾರಿಯಲ್ಲಿ ಬಂದೂಕಿನವರು ಕಾದಿರುತ್ತಾರೆ. ಅದಕ್ಕೇ ಸೈನಿಕರ ಜೊತೆ ಪೊಲೀಸರೂ ಗಾಡಿ ತಗೊಂಡು ಹೋಗುತ್ತಾರೆ, ಸೌದೆ ಕಡಿದು ಮುಗಿಯುವವರೆಗೆ ಇರುತ್ತಾರೆ.

"ನಾವು ಹೋದ ದಿನ ಅವ್ರು ಸೌದೆ ತಂದು ಅಡುಗೆ ಮಾಡ್ತಾರೆ. ಗಾಡಿ ಕೆಟ್ಟು ನಾವು ಹೋಗ್ದಿದ್ದ ದಿನ ಏನಾಯ್ತು ಅನ್ನೋದನ್ನ ಒಬ್ಬಳು ನಂಗೆ ಹೇಳಿದ್ಲು. ನಾನದನ್ನ ನಿಂಗೆ ಹೇಳಲ್ಲ," ಎಂದಳು ಕುಸುಮ. "ಗಾಡಿ ಓಡಿಸೋಕೆ ಬರೋರು ಬೇಕು ಕಣೇ ಅಲ್ಲಿಗೆ. ನೆಟ್ಟಗೆ ಕಲಿ."

ಅವಳ ಸ್ಕೂಟರಿನ ಸದ್ದು ರಸ್ತೆಗೆ ಸೇರಿದ ಮೇಲೆ ಭವ್ಯಶ್ರೀ ಜೀಪಿನಿಂದ ಇಳಿದಳು.

"ಯಾವಾಗಿಂದ?"

"ಹಬ್ಬ ಕಳೆದ ಮೇಲೆ."

"ಕಣ್ಣಿಗೆ ಕಂಡ್ರೂ ಸುಮ್ನಿದ್ದೆ."

ಸಿಟ್ಟಿನಲ್ಲಿ ಬಹುವಚನ ಉದುರಿಹೋಗಿತ್ತು. ಅಮರೇಶ್ ಹೌದೆಂದು ತಲೆಯಾಡಿಸಿದ.

"ಯಾಕೆ?"

"ಫೇಲಾದ್ರೆ ಇಲ್ಲೇ ಇರ್ತೀರಲ್ಲ ಅಂತ."

"ಫೇಲಾಗ್ದೆ ಹೋಗಿದ್ರೆ? ಅಲ್ಲಿ ಮೊದಲನೇ ಕ್ರಾಸಲ್ಲೇ ಲಾರಿಗೆ ಸಿಕ್ಕಿದ್ರೆ?"

ಅವನ ಮುಖ ಬಿಳಿಚಿತು. "ಅಲ್ಲಿಗಂಟ ಯೋಚನೆ ಹೋಗ್ಲಿಲ್ಲ."

"ನೀಲಿ ಟೋಪಿಯೋರು ನಿಂತು ನೋಡ್ತಾರೆ ಅಂದ್ಯಲ್ಲ? ಆರ್ಡರ್ ಬರಲಿಲ್ಲ ಅನ್ನೋ ನೆಪ ಆದ್ರೂ ಅವರಿಗಿತ್ತು. ನಿನಗೇನಿತ್ತು?"

"ಪ್ರೀತಿ," ಎಂದ ಅಮರೇಶ್. ಬಹಳ ಸಣ್ಣ ದನಿಯಲ್ಲಿ.

ಮೂವತ್ತೊಂದು ವರ್ಷಕ್ಕೆ ಮೊದಲ ಸಲ ಒಬ್ಬ ಗಂಡಸು ಅವಳಿಗೆ ಆ ಮಾತು ಹೇಳಿದ್ದ. ಹೇಳಿದ್ದು ತಪ್ಪೊಪ್ಪಿಗೆಯ ದನಿಯಲ್ಲಿ. ಭವ್ಯಶ್ರೀಗೆ ಅಳುವೂ ಬಂತು, ಅವನ ಕೆನ್ನೆಗೆ ಬಾರಿಸಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

"ಇಂಥ ಪ್ರೀತಿಯೋರು ನಮ್ ಸ್ಟೇಷನ್‌ಗೆ ದಿನಾ ಬರ್ತಾರೆ. ಹೆಂಡತಿ ಫೋನ್ ಕಿತ್ಕೊಂಡಿರ್ತಾರೆ, ಕೆಲ್ಸ ಬಿಡಿಸಿರ್ತಾರೆ. ಯಾಕೆ ಅಂದ್ರೆ ಎಲ್ರೂ ಪ್ರೀತಿ ಅಂತಲೇ ಹೇಳ್ತಾರೆ."

"ನಾನು ಅಂಥೋನಲ್ಲ."

"ಹೌದಾ? ನಾಳೆ ಬೆಳಿಗ್ಗೆ ಗೊತ್ತಾಗುತ್ತೆ. ಊರಲ್ಲಿ ಇಂಥ ಜೀಪು ಇನ್ನೊಂದಿದ್ದಿದ್ರೆ ನಾನು ಬರ್ತಿರಲಿಲ್ಲ. ತಿಳ್ಕೊ."

ಅವಳು ಹೆಲ್ಮೆಟ್ ಹಾಕಿಕೊಂಡು, ತಿರುಗಿ ನೋಡದೆ ಬೈಕು ಹೊರಡಿಸಿದಳು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಸುಣ್ಣದ ಗೆರೆಗಳನ್ನು ಹೊಸದಾಗಿ ಎಳೆಯಲಾಗಿತ್ತು. ಅಮರೇಶ್ ನಮಸ್ಕಾರವನ್ನೂ ಹೇಳದೆ ಹತ್ತಿ ಕೂತ. ಅವಳ ಕತ್ತು ಕೂದಲೆಳೆಯಷ್ಟು ಬಲಕ್ಕೆ ತಿರುಗಿದರೂ ಅಬ್ಬರಿಸಿದ.

"ಎಡಕ್ಕೆ! ಕಣ್ಣು ಎಲ್ಲಿ ಮಡಗಿದೀರಾ? ಇನ್ನೊಂದು ರೌಂಡು!"

"ಕಿವಿ ಹತ್ರ ಕೂಗಬೇಡ್ರೀ!"

"ಎಡಕ್ಕೆ ನೋಡಿದ್ರೆ ಕೂಗಲ್ಲ!"

ಶಿಫ್ಟಿಗೆ ಹೋಗುತ್ತಿದ್ದ ಕಾರ್ಮಿಕರು ಕಾಂಪೌಂಡಿನಾಚೆ ನಿಂತು ನೋಡಿದರು. "ಪೊಲೀಸಮ್ಮಂಗೇ ಬೈತಾವ್ನಲ್ಲಪ್ಪ, ಎಂಟೆದೆ ಇವ್ನಿಗೆ," ಎಂದು ಯಾರೋ ಅಂದರು. ಅವಳು ದೆಹಲಿಗೆ ಹೊರಡುವ ಹೊತ್ತಿಗೆ ಅಮರೇಶನ ಗಂಟಲು ಕಟ್ಟಿಹೋಗಿತ್ತು. ಭವ್ಯಶ್ರೀಯ ಕತ್ತು ಮಾತ್ರ ತಾನಾಗಿಯೇ ಎಡಕ್ಕೆ ತಿರುಗುತ್ತಿತ್ತು. ಪ್ರೀತಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ದೆಹಲಿಯಿಂದ ಅವಳು ಮೊದಲು ಫೋನ್ ಮಾಡಿದ್ದು ಅವನಿಗೆ.

"ಪಾಸ್."

ಆ ಕಡೆ ಸ್ಪ್ಯಾನರ್ ಕೆಳಗೆ ಬಿದ್ದ ಸದ್ದಾಯಿತು.

"ಸಂತೋಷ ಆಯ್ತಾ?" ಎಂದು ಅವಳು ಕೇಳಿದಳು.

"ಇಲ್ಲ." ಸ್ವಲ್ಪ ತಡೆದು ಹೇಳಿದ, "ಹೆಮ್ಮೆ ಆಯ್ತು. ಅವೆರಡೂ ಬೇರೆ ಬೇರೆ."

ಭವ್ಯಶ್ರೀ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಸುಳ್ಳು ಹೇಳಬಹುದಿತ್ತು ಅವನು. ಹೇಳಲಿಲ್ಲ.

"ಇನ್ಮೇಲೆ ಸಿಟ್ಟಿಲ್ದೇನೂ ನಿನ್ನ ಏಕವಚನದಲ್ಲೇ ಕರೀತೀನಿ," ಎಂದಳು. "ಅಭ್ಯಂತರ ಇದ್ರೆ ಈಗಲೇ ಹೇಳು."

ಅವನಿಗೆ ಅಭ್ಯಂತರವಿರಲಿಲ್ಲ.

ದಕ್ಷಿಣ ಸುಡಾನಿಗೆ ಆದೇಶ ಬಂದ ವಾರ, ಭವ್ಯಶ್ರೀಯ ಶ್ರೀರಾಂಪುರದ ಮನೆಗೆ ಸೋದರಮಾವ ಬಸವರಾಜು ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದರು. ಇಬ್ಬರ ಸುದ್ದಿ ಅವರ ಕಿವಿಗೂ ಬಿದ್ದಿತ್ತು, ಅಮರೇಶನನ್ನೂ ಕರೆಸಿದರು. ಕರೆಸಿದ್ದು ಬೈಯಲು ಎಂದು ಭವ್ಯಶ್ರೀ ತಿಳಿದಿದ್ದಳು. ಶಿವನಂಜಮ್ಮ ಎಲ್ಲರಿಗೂ ಕಾಫಿ ಕೊಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು.

"ನೋಡಪ್ಪ," ಬಸವರಾಜು ಶುರುಮಾಡಿದರು. "ನೀನು ಲಿಂಗಾಯತ್ರೋನು, ನಾವು ಒಕ್ಕಲಿಗ್ರು. ಮೊದ್ಲಾಗಿದ್ರೆ ಈ ಹೊಸ್ಲು ತುಳಿಯಂಗಿರ್ಲಿಲ್ಲ ನೀನು. ಈಗ ಕಾಲ ಅಂಗಿಲ್ಲ. ನಾವು ಒಪ್ಕೊಂಡೋ ಅನ್ಕೊ. ಮದ್ವೆ ಮಾಡ್ಕೊಡ್ತೀವಿ."

ಭವ್ಯಶ್ರೀ ಬೆಚ್ಚಿ ಅಮ್ಮನ ಕಡೆ ನೋಡಿದಳು. ಶಿವನಂಜಮ್ಮ ನೆಲ ನೋಡುತ್ತಿದ್ದರು.

"ಒಂದೇ ಮಾತು," ಎಂದರು ಬಸವರಾಜು. "ಈ ಸುಡಾನು ಪಡಾನು ಬುಡ್ಸು. ನಮ್ ಮಾತು ಕೇಳಲ್ಲ ಇವ್ಳು. ನಿನ್ ಮಾತು ಕೇಳ್ತಾಳೆ. ಓಗ್ಬೇಡ ಅನ್ನು, ಮುಂದಿನ ತಿಂಗ್ಳೇ ಚಪ್ಪರ."

ಅಮರೇಶ್ ತನ್ನ ಕಾಲಬುಡ ನೋಡತೊಡಗಿದ. ಆ ತಗ್ಗಿದ ತಲೆಯನ್ನು ಭವ್ಯಶ್ರೀ ಹಿಂದೊಮ್ಮೆ ನೋಡಿದ್ದಳು. ಅವನಿಗೆ ಬೇಕಾದದ್ದೆಲ್ಲವನ್ನೂ ತಟ್ಟೆಯಲ್ಲಿಟ್ಟು ಮುಂದೆ ಹಿಡಿದಿದ್ದರು. ಸುಮ್ಮನಿದ್ದರೂ ಸಾಕಿತ್ತು.

ಅವನು ತಲೆ ಎತ್ತಿದ.

"ಒಂದ್ಸಲ ಸುಮ್ನಿದ್ದು ತಪ್ಪು ಮಾಡಿದೀನಿ ಮಾವ. ಇನ್ನೊಂದ್ಸಲ ಮಾಡಲ್ಲ. ಭವ್ಯಾ ಹೋಗ್ಲಿ."

"ಅಂಗಾದ್ರೆ ಮದ್ವೆ ಇಲ್ಲ."

"ಬೇಡ ಬುಡಿ."

"ಬೇಡ ಅನ್ನೋಕೆ ನೀನ್ಯಾರೋ?" ಭವ್ಯಶ್ರೀ ಎದ್ದು ನಿಂತಳು. "ನನ್ನ ಕೇಳಿದ್ಯಾ? ನೀವು ಕೇಳಿದ್ರಾ ಮಾವ? ಇಬ್ರೂ ಸೇರಿ ದನದ ಜಾತ್ರೇಲಿ ಟವೆಲ್ ಕೆಳಗೆ ಕೈ ಹಿಡ್ಕೊಂಡು ಯಾಪಾರ ಮಾಡ್ದಂಗೆ ಮಾಡ್ತಿದೀರಲ್ಲ! ನನಗೆ ಎರಡೂ ಬೇಕು. ಆ ಕೆಲ್ಸಾನೂ ಬೇಕು, ಇವನೂ ಬೇಕು. ಒಂದು ಕೊಟ್ಟು ಇನ್ನೊಂದು ತಗೊಳ್ಳಲ್ಲ."

ಅಮರೇಶನ ಬಾಯಿ ಅರ್ಧ ತೆರೆದುಕೊಂಡಿತು. ಅವಳು ತನ್ನನ್ನು ಬೇಕು ಎಂದದ್ದು ಅದೇ ಮೊದಲು. ಎಲ್ಲರೆದುರು, ಬೈಗುಳದ ನಡುವೆ.

ಶಿವನಂಜಮ್ಮ ಬಾಗಿಲು ಬಿಟ್ಟು ಮುಂದೆ ಬಂದರು. "ನನಗೆ ಇವನು ಬೇಡ ಅಂತಲ್ಲ ಕಣೇ, ಜಾತಿನೂ ಅಲ್ಲ. ನೀನು ಅಲ್ಲಿ ಸತ್ತೋದ್ರೆ?"

"ಸಾಯಲ್ಲ ಅಂತ ನಾನು ಹೇಳೋಕಾಗಲ್ಲ ಅಮ್ಮ," ಎಂದಳು ಭವ್ಯಶ್ರೀ. ದನಿ ತಗ್ಗಿತ್ತು. "ಶಾಂತಿಪಡೆಗಳಲ್ಲಿ ಇಲ್ಲೀತನಕ ನಾಲ್ಕು ಸಾವಿರಕ್ಕಿಂತ ಹೆಚ್ಚು ಜನ ಸತ್ತಿದಾರೆ. ಬೇರೆ ಯಾವ ದೇಶಕ್ಕಿಂತ್ಲೂ ನಮ್ಮ ದೇಶದೋರೇ ಜಾಸ್ತಿ. ನಿನಗೆ ಸುಳ್ಳು ಹೇಳಿ ಹೋಗಲ್ಲ ನಾನು. ಆದ್ರೆ ಹೋಗ್ತೀನಿ."

ಶಿವನಂಜಮ್ಮ ಅಮರೇಶನ ಕಡೆ ತಿರುಗಿದರು. "ಭಯ ಇಲ್ವೇನಪ್ಪ ನಿಂಗೆ?"

"ಐತೆ ಅಮ್ಮ. ರಾತ್ರಿ ನಿದ್ದೆ ಬರಲ್ಲ."

"ಮತ್ತೆ?"

"ಭಯ ನಂದು. ಕೆಲ್ಸ ಅವ್ಳದ್ದು. ನನ್ ಭಯಾನ ಅವ್ಳ ತಲೆ ಮೇಲೆ ಹೊರ್ಸೋಕಾಗಲ್ಲ. ಹೋಗ್ಬರ್ಲಿ. ಬಂದ್ಮೇಲೆ ನಿಮ್ಮನೆ ಬಾಗ್ಲಿಗೆ ಬಂದು ಕೇಳ್ತೀನಿ."

"ಬಂದ್ಮೇಲೆ ಯಾಕೆ?" ಭವ್ಯಶ್ರೀ ಅವನನ್ನು ನೇರವಾಗಿ ನೋಡಿದಳು. ಅವನ ಕಣ್ಣು ತಪ್ಪಿಸಿಕೊಳ್ಳಲು ನೋಡಿತು, ಅವಳು ಬಿಡಲಿಲ್ಲ. "ಬರ್ತೀನೋ ಇಲ್ವೋ ಅಂತ ಕಾದು ನೋಡ್ತೀಯಾ? ಹೋಗೋ ಮುಂಚೇನೇ ಆಗ್ಲಿ."

ಬಸವರಾಜು ಎದ್ದು, ಹೆಗಲ ಮೇಲಿನ ಟವೆಲ್ ಕೊಡವಿದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿ ಹೇಳಿದರು:

"ಎಂಗಾಗ್ತದೆ ನಾನೂ ನೋಡ್ತೀನಿ. ನಿಮ್ಮಪ್ಪ ಇಲ್ಲ. ಗಂಡ ಸತ್ತೋಳು ಧಾರೆಗೆ ಕೂರಂಗಿಲ್ಲ. ನಾನೂ ನಿಮ್ಮತ್ತೇನೂ ಕೂತು ಧಾರೆ ಎರೆದ್ರೇನೇ ಅದು ಮದ್ವೆ. ನಾವ್ ಬರಾಕಿಲ್ಲ."

ಭವ್ಯಶ್ರೀ ಉತ್ತರ ಕೊಡಲು ಬಾಯಿ ತೆರೆದಳು. ಅವಳಿಗಿಂತ ಮುಂಚೆ ಶಿವನಂಜಮ್ಮ ಮಾತಾಡಿದರು.

"ಬರ್ದಿದ್ರೆ ಬುಡಣ್ಣ. ನಾನೇ ಎರೀತೀನಿ."

"ಏನಂದೆ?"

"ಹೆತ್ತೋಳು ನಾನು, ಸಾಕ್ದೋಳು ನಾನು. ಗಂಡ ಸತ್ತ ಅಂತ ನನ್ ಕೈಯಾಗೆ ನೀರು ನಿಲ್ಲಾಕಿಲ್ವಾ?" ಶಿವನಂಜಮ್ಮನ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಇವ್ಳು ಅಲ್ಲಿಗೋಗೋದು ನಂಗಿನ್ನೂ ಇಷ್ಟ ಇಲ್ಲ. ಅದು ಬೇರೆ ಜಗಳ. ಅದನ್ನ ನಾನೂ ಅವ್ಳೂ ಆಡ್ಕೋತೀವಿ. ಮದ್ವೆ ಮಾತಲ್ಲಿ ಹೆದರ್ಸೋಕೆ ಬರ್ಬೇಡ."

ಬಸವರಾಜು ಒಂದು ಕಾಲಲ್ಲಿ ಚಪ್ಪಲಿ ಮೆಟ್ಟಿ, ಇನ್ನೊಂದು ಕಾಲು ಬರಿದಾಗಿ ಬಾಗಿಲಲ್ಲೇ ನಿಂತುಬಿಟ್ಟರು.

ಭವ್ಯಶ್ರೀ ಅಮರೇಶನ ಪಕ್ಕಕ್ಕೆ ಹೋಗಿ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಮಾವ ನೋಡುತ್ತಲೇ ಇದ್ದರು. ಅವಳು ಕೈ ತೆಗೆಯಲಿಲ್ಲ.